ಕಲಬುರಗಿಯಲ್ಲಿ ಮನೆ ಹುಡುಕುವವರಿಗೆ: ಬಜಾರ್ ಒಳಗೋ, ರಿಂಗ್ ರೋಡ್ ಆಚೆಗೋ?

ಮಕ್ಕಳ ಓದಿಗೆಂದು ಸೇಡಂ, ಚಿಂಚೋಳಿ, ಆಳಂದ ಕಡೆಯಿಂದ ಬರುವವರಿರಲಿ, ವರ್ಗವಾಗಿ ಬಂದ ನೌಕರರಿರಲಿ, ಎಲ್ಲರೂ ಮೊದಲು ಕೇಳುವುದು ಒಂದೇ ಮಾತು: "ಊರಾಗ ಮನಿ ಹಿಡೀಬೇಕ್ರಿ, ಇಲ್ಲಾ ಹೊರಗ ಲೇಔಟ್‌ನಾಗ ಹಿಡೀಬೇಕ್ರಿ?" ಹೀಗೆ ಕೇಳುವವರು ಬಹುತೇಕ ಮನೆಯ ಗಂಡಸರು, ಕೈಯಲ್ಲಿ ಬೈಕಿನ ಕೀಲಿ ಹಿಡಿದವರು. ನಾನು ತಿರುಗಿ ಕೇಳುವುದು ಇಷ್ಟು: ಹಗಲೆಲ್ಲ ಮನೆಯಲ್ಲಿ ಇರುವವರು ಯಾರು? ಗಾಡಿ ಇದ್ದವನಿಗೆ ಕಲಬುರಗಿಯ ಯಾವ ಮೂಲೆಯೂ ದೂರವಲ್ಲ. ಗಾಡಿ ಹೊಡೆಯಲು ಬಾರದ ಅತ್ತೆಗೆ, ಸಂಜೆ ಟ್ಯೂಷನ್ ಮುಗಿಸಿ ಬರುವ ಹುಡುಗಿಗೆ, ತಿಂಗಳಿಗೊಮ್ಮೆ ಬಿಪಿ ಗುಳಿಗೆ ತರಬೇಕಾದ ಮಾವನಿಗೆ ದೂರವಾಗುತ್ತದೆ. ಮನೆ ಆರಿಸುವವನು ಒಬ್ಬ, ಅದರಲ್ಲಿ ಹಗಲು ಕಳೆಯುವವರು ಬೇರೆಯವರು. ಈ ಹೋಲಿಕೆಯನ್ನು ಆ ಬೇರೆಯವರ ಕಡೆಯಿಂದ ಮಾಡುತ್ತಿದ್ದೇನೆ.

ಲೆಕ್ಕಕ್ಕೆ ಊರನ್ನು ಮೂರು ಪಟ್ಟಿ ಮಾಡಿಕೊಳ್ಳೋಣ. ಮೊದಲನೆಯದು ಬಜಾರ್: ಸೂಪರ್ ಮಾರ್ಕೆಟ್, ಚೌಕ್, ಕಪಡಾ ಬಜಾರ್, ಬ್ರಹ್ಮಪುರ, ಶಹಾ ಬಜಾರ್, ಗಂಜ್, ಸ್ಟೇಷನ್ ರಸ್ತೆಯ ಹಿಂದಿನ ಓಣಿಗಳು. ಎರಡನೆಯದು ನಡುವಿನ ಪಟ್ಟಿ: ಖೂಬಾ ಪ್ಲಾಟ್, ಎನ್‌ಜಿಒ ಕಾಲೊನಿ, ವಿದ್ಯಾನಗರದಂಥ ಹಳೆಯ ಕಾಲೊನಿಗಳು. ಇಲ್ಲಿ ರಸ್ತೆಗಳು ನೇರ, ಮನೆ ಮುಂದೆ ಬೇವಿನ ಗಿಡ, ಗೇಟಿನ ಮೇಲೆ ನಿವೃತ್ತ ಮೇಷ್ಟ್ರ ಹೆಸರು. ಮೂರನೆಯದು ರಿಂಗ್ ರಸ್ತೆಯ ಅಂಚು ಮತ್ತು ಅದರಾಚೆ, ಸೇಡಂ, ಜೇವರ್ಗಿ, ಹುಮನಾಬಾದ್, ಆಳಂದ ರಸ್ತೆಗಳ ಉದ್ದಕ್ಕೂ ಎದ್ದಿರುವ ಹೊಸ ಲೇಔಟುಗಳು ಮತ್ತು ಅಪಾರ್ಟ್‌ಮೆಂಟುಗಳು.

ಮೊದಲು ಬಿಸಿಲು

ಬೇರೆ ಊರಿನಲ್ಲಿ ಮನೆ ನೋಡುವಾಗ ಬಿಸಿಲು ಕೊನೆಗೆ ನೆನಪಾಗುವ ವಿಷಯ. ಇಲ್ಲಿ ಅದೇ ಮೊದಲು. ಮೇ ತಿಂಗಳಲ್ಲಿ 42-43 ಡಿಗ್ರಿ ಇಲ್ಲಿ ಸುದ್ದಿಯೇ ಅಲ್ಲ. ಏಪ್ರಿಲ್-ಮೇನಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾರೆ. ಹೊರಗಿನಿಂದ ಬಂದ ನೌಕರರು ಇದನ್ನು ಕೇಳಿ ಖುಷಿಪಡುತ್ತಾರೆ, ಮಧ್ಯಾಹ್ನವೇ ರಜೆ ಎಂದು. ಆದರೆ ಒಂದೂವರೆಗೆ ಕಚೇರಿ ಬಿಟ್ಟರೆ ಮನೆಗೆ ಹೋಗುವುದು ದಿನದ ಅತಿ ಕೆಟ್ಟ ಹೊತ್ತಿನಲ್ಲಿ. ಮಿನಿ ವಿಧಾನಸೌಧದಲ್ಲಿ ಕೆಲಸ, ಸ್ಟೇಷನ್ ರಸ್ತೆಯ ಹಿಂದೆ ಮನೆ ಎಂದರೆ ಅಂಗಡಿಗಳ ನೆರಳು ಹಿಡಿದು ನಡೆದರಾಯಿತು. ಮನೆ ಹೊರಗಿನ ಲೇಔಟಿನಲ್ಲಿದ್ದರೆ ಮುಖಕ್ಕೆ ಟವೆಲ್ ಸುತ್ತಿಕೊಂಡು, ನೆರಳಿಲ್ಲದ ರಸ್ತೆಯಲ್ಲಿ, ಕಾದ ಸೀಟಿನ ಮೇಲೆ ಕೂತು ಹೋಗಬೇಕು. ಶಾಲೆ ಬಿಟ್ಟ ಮಗು ಹಿಂದೆ ಕೂತಿದ್ದರೆ ಇನ್ನೂ ಕಷ್ಟ.

ಮನೆಯೊಳಗಿನ ಬಿಸಿಲಿನ ಕಥೆ ಬೇರೆಯೇ ಇದೆ. ಬಜಾರಿನ ಹಳೆಯ ಮನೆಗಳಲ್ಲಿ ಕಲ್ಲಿನ ದಪ್ಪ ಗೋಡೆ, ನೆಲಕ್ಕೆ ಶಹಾಬಾದಿ ಫರಸಿ, ನಡುವೆ ತೆರೆದ ಅಂಗಳ. ಮೇ ಮಧ್ಯಾಹ್ನ ಆ ಫರಸಿಯ ಮೇಲೆ ಬರಿ ಚಾಪೆ ಹಾಸಿ ಮಲಗಿದವರಿಗೆ ಕೂಲರ್ ಬೇಕೆನಿಸುವುದಿಲ್ಲ. ಇಂಥ ಮನೆ ಬಾಡಿಗೆಗೆ ಸಿಕ್ಕರೆ ಗೋಡೆ ಬಣ್ಣ ಹೋಗಿದೆ, ಬಾತ್‌ರೂಮ್ ಅಂಗಳದಾಚೆ ಇದೆ ಎಂದು ಬಿಡಬೇಡಿ. ಆದರೆ ಬಜಾರಿನ ಎಲ್ಲ ಮನೆಯೂ ಹೀಗಿಲ್ಲ. ಹಳೆಯದನ್ನು ಕೆಡವಿ, ಕೆಳಗೆ ಶಟರ್, ಮೇಲೆ ಎರಡು ಮೂರು ಮಹಡಿ ಎಬ್ಬಿಸಿದ ಕಟ್ಟಡಗಳೇ ಈಗ ಜಾಸ್ತಿ. ಅವುಗಳ ಮೇಲಿನ ಮಹಡಿ ಎಂದರೆ ಹಂಚು ಒಲೆಯ ಮೇಲಿದ್ದಂತೆ. ಕಾಂಕ್ರೀಟ್ ಛತ್ತು ಹಗಲೆಲ್ಲ ಬಿಸಿಲು ಕುಡಿದು ರಾತ್ರಿಯೆಲ್ಲ ಬಿಡುತ್ತದೆ.

ಹಾಗಾಗಿ ಮನೆ ನೋಡಲು ಬೆಳಿಗ್ಗೆ ಹತ್ತಕ್ಕೆ ಹೋಗಬೇಡಿ. ರಾತ್ರಿ ಎಂಟಕ್ಕೆ ಹೋಗಿ, ಪಡುವಣ ಗೋಡೆಗೆ ಅಂಗೈ ಇಟ್ಟು ನೋಡಿ. ಗೋಡೆ ಇನ್ನೂ ಬೆಚ್ಚಗಿದ್ದರೆ ಮಧ್ಯರಾತ್ರಿವರೆಗೂ ಹಾಗೇ ಇರುತ್ತದೆ. ಫೆಬ್ರವರಿಯಲ್ಲಿ ನೋಡುತ್ತಿದ್ದರೆ ಈ ಪರೀಕ್ಷೆ ನಡೆಯುವುದಿಲ್ಲ. ಆಗ ಮಾಳಿಗೆ ಹತ್ತಿ ಛತ್ತಿಗೆ ಸುಣ್ಣವೋ ಬಿಳಿ ಬಣ್ಣವೋ ಬಳಿದಿದ್ದಾರೆಯೇ, ನಿಮ್ಮ ಖೋಲಿಯ ಮೇಲೆ ಇನ್ನೊಂದು ಖೋಲಿ ಇದೆಯೇ ನೋಡಿಕೊಳ್ಳಿ.

ಇನ್ನು ಕೂಲರ್. ನಮ್ಮ ಒಣ ಬಿಸಿಲಿಗೆ ಏಸಿಗಿಂತ ಕೂಲರ್ ಸಾಕು ಎನ್ನುವುದು ನಿಜ. ಆದರೆ ಅದು ಹೊರಗಿನ ಗಾಳಿ ಎಳೆದುಕೊಳ್ಳುವ ಕಿಟಕಿಯಲ್ಲಿ ಕೂರಬೇಕು, ಎದುರು ಇನ್ನೊಂದು ಕಿಟಕಿ ಅಥವಾ ಬಾಗಿಲು ತೆರೆದಿರಬೇಕು. ಗಲ್ಲಿಯ ಎಷ್ಟೋ ಮನೆಗಳಿಗೆ ಒಂದೇ ಕಡೆ ಕಿಟಕಿ, ಉಳಿದ ಮೂರು ಗೋಡೆ ಪಕ್ಕದವರಿಗೆ ಅಂಟಿದವು. ಅಲ್ಲಿ ಕೂಲರ್ ಹಚ್ಚಿದರೆ ಅರ್ಧ ಗಂಟೆಯಲ್ಲಿ ಹಾಸಿಗೆ ತೇವ, ಮೈ ಜಿಗುಟು. ಈ ಒಂದು ವಿಷಯದಲ್ಲಿ ನಡುವಿನ ಪಟ್ಟಿ ಮತ್ತು ಹೊರಗಿನ ಲೇಔಟು ಸ್ಪಷ್ಟವಾಗಿ ಗೆಲ್ಲುತ್ತವೆ. ನಾಲ್ಕೂ ಕಡೆ ಗಾಳಿ ಸಿಗುತ್ತದೆ.

ನಳ ಯಾವಾಗ ಬಿಡ್ತಾರ?

ಊರಿಗೆ ನೀರು ಭೀಮಾ ನದಿಯಿಂದ ಮತ್ತು ಬೆಣ್ಣೆತೊರಾದಿಂದ ಬರುತ್ತದೆ. ಹುಬ್ಬಳ್ಳಿ-ಧಾರವಾಡ, ಬೆಳಗಾವಿಗಳ ಜೊತೆ ಇಲ್ಲಿಯೂ ಕೆಲವು ವಾರ್ಡುಗಳಲ್ಲಿ 24 ಗಂಟೆ ನೀರು ಕೊಡುವ ಯೋಜನೆ ಬಂದು ಬಹಳ ವರ್ಷವಾಯಿತು. ಇಡೀ ಊರಿಗೆ ಅದನ್ನು ಹಬ್ಬಿಸುವ ಕೆಲಸ ಆಮೇಲೆ ಶುರುವಾಯಿತು. ಆದ್ದರಿಂದ "ಕಲಬುರಗಿಯಲ್ಲಿ ನೀರು ಹೇಗೆ?" ಎಂಬ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಒಂದು ಓಣಿಯಲ್ಲಿ ನಳ ಸದಾ ತಿರುಗುತ್ತದೆ, ಎರಡು ಓಣಿ ದಾಟಿದರೆ ಕೊಡಗಳು ಸಾಲಾಗಿ ಕಾಯುತ್ತಿರುತ್ತವೆ. ಮನೆ ಮಾಲೀಕರು ಹೇಳುವುದನ್ನು ಅರ್ಧ ನಂಬಿ. ಎದುರುಮನೆಯ ಕಟ್ಟೆಯ ಮೇಲೆ ಕೂತ ಹೆಂಗಸರನ್ನು ಕೇಳಿ: "ಅಕ್ಕಾರ, ನಳ ಎಷ್ಟ ದಿನಕ್ಕೊಮ್ಮೆ ಬಿಡ್ತಾರ್ರಿ? ಎಷ್ಟೊತ್ತಿಗೆ?" ಎರಡನೆಯ ಪ್ರಶ್ನೆಯನ್ನು ಮರೆಯಬೇಡಿ. ನೀರು ಮಧ್ಯಾಹ್ನ ಬರುವುದಾದರೆ, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ತುಂಬುವವರು ಯಾರು?

ಸಂಪ್ ಎಷ್ಟು ದೊಡ್ಡದು ಎಂದೂ ಕೇಳಿ. ಐದು ಮಂದಿ, ತಲೆಗೆ ದಿನಕ್ಕೆ 100 ಲೀಟರ್, ನೀರು ಐದು ದಿನಕ್ಕೊಮ್ಮೆ ಎಂದಿಟ್ಟುಕೊಂಡರೆ 2,500 ಲೀಟರ್ ಬೇಕು. ಅದೇ ಸಂಪಿಗೆ ಮೂರು ಬಾಡಿಗೆ ಮನೆಗಳಿದ್ದರೆ ಲೆಕ್ಕ ಮೂರು ಪಟ್ಟು. ಬೇಸಿಗೆಯಲ್ಲಿ ಕೂಲರ್ ಬೇರೆ ಬಕೆಟ್‌ಗಟ್ಟಲೆ ಕುಡಿಯುತ್ತದೆ.

ಹೊರಗಿನ ಲೇಔಟುಗಳಲ್ಲಿ ಬೋರ್ ಇರುತ್ತದೆ, ಅದು ಅವುಗಳ ದೊಡ್ಡ ಬಲ. ಆದರೆ ಆ ನೀರು ಬಹಳ ಕಡೆ ಗಡಸು. ನಳದ ಬಾಯಿಗೆ ಬಿಳಿ ಪೊರೆ ಕಟ್ಟಿದೆಯೇ, ಕೂಲರಿನ ಹುಲ್ಲು ಸುಣ್ಣದಂತೆ ಗಟ್ಟಿಯಾಗಿದೆಯೇ ನೋಡಿದರೆ ತಿಳಿಯುತ್ತದೆ. ಬೇಳೆ ಬೇಯಲು ತಡವಾಗುತ್ತದೆ. ತೊಗರಿಯ ಊರಿನಲ್ಲಿ ಬೇಳೆ ಬೇಯದಿದ್ದರೆ ಇನ್ನೇನು ಉಳಿಯಿತು! ಬೋರ್ ಬತ್ತಿದರೆ ಟ್ಯಾಂಕರ್ ತರಿಸಬಹುದು, ರಸ್ತೆ ಅಗಲ ಇರುತ್ತದೆ. ಬಜಾರಿನ ಗಲ್ಲಿಗೆ ದೊಡ್ಡ ಟ್ಯಾಂಕರ್ ಒಳಗೇ ಬರುವುದಿಲ್ಲ. ಗಲ್ಲಿಯ ಬಾಯಿಗೆ ನಿಂತು ಪೈಪ್ ಎಳೆಯಬೇಕು, ಅದೂ ಉದ್ದ ಸಾಕಾದರೆ.

ಕಾಲ್ನಡಿಗೆಯ ಲೆಕ್ಕ

ಬಜಾರ್ ಪಟ್ಟಿ ಗೆಲ್ಲುವುದು ಇಲ್ಲಿ. ತರಕಾರಿ ಮಾರ್ಕೆಟ್, ಕಿರಾಣಿ, ದರ್ಜಿ, ಜೋಳ ಬೀಸುವ ಗಿರಣಿ, ಔಷಧಿ ಅಂಗಡಿ, ಶರಣಬಸವೇಶ್ವರ ಗುಡಿ, ಅಪ್ಪನ ಕೆರೆ, ಪಬ್ಲಿಕ್ ಗಾರ್ಡನ್, ಎಲ್ಲ ಊರೊಳಗೇ. ಗಿರಣಿ ಹತ್ತಿರವಿದೆಯೇ ಎಂಬುದನ್ನು ಬೆಂಗಳೂರು ಕಡೆಯವರು ಮನೆ ನೋಡುವಾಗ ಲೆಕ್ಕಕ್ಕೆ ತೆಗೆದುಕೊಳ್ಳಲಿಕ್ಕಿಲ್ಲ. ರೊಟ್ಟಿ ತಿನ್ನುವ ಮನೆಗೆ ಅದು ವಾರವಾರದ ಕೆಲಸ. ಜೋಳದ ಹಿಟ್ಟು ಹಳೆಯದಾದರೆ ರೊಟ್ಟಿ ತಟ್ಟುವಾಗ ಅಂಚು ಸೀಳುತ್ತದೆ, ತಾಜಾ ಹಿಟ್ಟೇ ಬೇಕು. ಲೇಔಟಿನಲ್ಲಿ ಗಿರಣಿ ಇಲ್ಲದಿದ್ದರೆ ಐದು ಕಿಲೋ ಡಬ್ಬಿ ಬೈಕಿನ ಮುಂದೆ ಇಟ್ಟುಕೊಂಡು ಹೊರಡಬೇಕು, ಅದೂ ಗಂಡ ಮನೆಯಲ್ಲಿದ್ದಾಗ.

ಮನೆಯಲ್ಲಿ ವಯಸ್ಸಾದವರಿದ್ದರೆ ಇನ್ನೊಂದು ಮಾತಿದೆ. ಹಳ್ಳಿಯಿಂದ ಬಂದ ಅಮ್ಮನಿಗೆ ಹೊರಗಿನ ಲೇಔಟು ಮೊದಲ ವಾರ ಚೆಂದ: ಗಾಳಿ, ಬೆಳಕು, ಶಾಂತಿ. ಎರಡನೆಯ ತಿಂಗಳಿಗೆ ಮಾತಾಡಲು ಮಂದಿ ಇಲ್ಲ. ಎಲ್ಲರ ಗೇಟೂ ಮುಚ್ಚಿರುತ್ತವೆ, ಪಕ್ಕದ ಎರಡು ಪ್ಲಾಟು ಖಾಲಿ, ಅದರಲ್ಲಿ ಜಾಲಿ ಬೆಳೆದಿರುತ್ತದೆ. ಬ್ರಹ್ಮಪುರದಂಥ ಓಣಿಯಲ್ಲಿ ಸಂಜೆ ಕಟ್ಟೆಗೆ ಬಂದು ಕೂತರೆ ಸಾಕು, ಯಾರೋ ಒಬ್ಬರು ನಿಂತು "ಊಟ ಆಯ್ತೇನ್ರಿ ಅಮ್ಮಾ?" ಎಂದೇ ಎನ್ನುತ್ತಾರೆ. ಅದು ಕೆಲವರಿಗೆ ಕಿರಿಕಿರಿಯೂ ಹೌದು. ಮನೆಗೆ ಯಾರು ಬಂದರು, ಎಷ್ಟು ಹೊತ್ತು ಇದ್ದರು ಎಂಬ ಲೆಕ್ಕ ಓಣಿಗೆಲ್ಲ ಗೊತ್ತಿರುತ್ತದೆ. ಹೊಸದಾಗಿ ಮದುವೆಯಾದವರು ಇದನ್ನು ಯೋಚಿಸಿಯೇ ಬರಬೇಕು.

ಸಿಟಿ ಬಸ್ಸುಗಳ ಗಂಟು ಸೂಪರ್ ಮಾರ್ಕೆಟ್. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗಿನಿಂದ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ, ಹಾಗಾಗಿ ದೂರದ ಲೇಔಟಿನ ಖರ್ಚು ಅಷ್ಟರಮಟ್ಟಿಗೆ ಇಳಿದಿದೆ. ಆದರೆ ಬಸ್ಸು ಮುಖ್ಯರಸ್ತೆಗೆ ಬಿಟ್ಟು ಹೋಗುತ್ತದೆ. ಅಲ್ಲಿಂದ ಒಳಗಿನ ಒಂದು ಕಿಲೋಮೀಟರ್, ಅದೂ ಬೀದಿದೀಪ ಇಲ್ಲದ ರಸ್ತೆ, ಹುಡುಗಿಯ ಟ್ಯೂಷನ್ ಬಿಡುವುದು ಏಳೂವರೆಗೆ. ಈ ಒಂದು ಕಿಲೋಮೀಟರನ್ನು ಸಂಜೆ ಹೊತ್ತು ನೀವೇ ನಡೆದು ನೋಡಿ. ನಾಯಿಗಳು ಎಷ್ಟು ಎಂಬುದೂ ತಿಳಿಯುತ್ತದೆ.

ಗದ್ದಲ, ಗಾಡಿ, ಗಲ್ಲಿ

ಬಜಾರಿನಲ್ಲಿ ಗದ್ದಲ ಇಲ್ಲ ಎಂದರೆ ಸುಳ್ಳಾಗುತ್ತದೆ. ನಸುಕಿಗೆ ಆಜಾನ್ ಮತ್ತು ಸುಪ್ರಭಾತ, ಹಗಲು ಟಂಟಂ ಹಾರ್ನ್, ಲಗ್ನದ ದಿನಗಳಲ್ಲಿ ಬ್ಯಾಂಡು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಚ್ಚಬಾರದು ಎಂಬ ನಿಯಮ 2000ದಿಂದಲೂ ಇದೆ. ಮೆರವಣಿಗೆ ತಿರುವಿಗೆ ಬಂದಾಗ ಆ ನಿಯಮ ಯಾರಿಗೂ ನೆನಪಿರುವುದಿಲ್ಲ. ಹೋಳಿಯ ನಂತರ ಶರಣಬಸವೇಶ್ವರ ಜಾತ್ರೆ, ಬಂದೇನವಾಜ್ ದರ್ಗಾದ ಉರುಸ್ ದಿನಗಳಲ್ಲಿ ಆ ಭಾಗದ ರಸ್ತೆಗಳು ತುಂಬಿ ಹೋಗುತ್ತವೆ. ಅದನ್ನು ತೊಂದರೆ ಎಂದು ಎಣಿಸುವವರು ಅಲ್ಲಿ ಮನೆ ಹಿಡಿಯಬಾರದು. ಊರಿನ ನೆಂಟರೆಲ್ಲ ಜಾತ್ರೆಗೆ ನಿಮ್ಮ ಮನೆಯಲ್ಲೇ ಇಳಿಯುತ್ತಾರೆ ಎಂಬುದನ್ನೂ ಸೇರಿಸಿಕೊಳ್ಳಿ.

ಆದರೆ ಮುಖ್ಯರಸ್ತೆಯ ಮೇಲಿನ ಮನೆಗೂ, ಅದೇ ರಸ್ತೆಯಿಂದ ಎರಡನೆಯ ತಿರುವಿನಲ್ಲಿರುವ ಮನೆಗೂ ಅಜಗಜಾಂತರ. ಗೋಡೆಗಳೇ ಸದ್ದು ತಡೆಯುತ್ತವೆ. ಬಜಾರಿನಲ್ಲಿ ಹುಡುಕುವವರಿಗೆ ನನ್ನ ಸಲಹೆ ಯಾವಾಗಲೂ ಇದೇ: ಎರಡನೆಯ ತಿರುವು, ನೆಲಮಹಡಿ ಅಥವಾ ನಡುವಿನ ಮಹಡಿ, ಕೆಳಗೆ ವೆಲ್ಡಿಂಗ್ ಅಂಗಡಿಯಾಗಲಿ ಹೋಟೆಲಿನ ಒಲೆಯಾಗಲಿ ಇರಬಾರದು.

ಕಾರ್ ಇದ್ದವರು ಬಜಾರ್ ಆಸೆ ಬಿಡುವುದು ಒಳ್ಳೆಯದು. ಗಲ್ಲಿಯ ಬಾಯಲ್ಲಿ ನಿಲ್ಲಿಸಿದ ಕಾರಿಗೆ ದಿನಾ ಒಂದು ಗೀರು, ದಿನಾ ಒಂದು ಜಗಳ. ಕಾರ್ ಇಲ್ಲದವರೂ ಇಷ್ಟು ನೋಡಿ: ಆಂಬುಲೆನ್ಸ್ ಬಾಗಿಲವರೆಗೆ ಬರುತ್ತದೆಯೇ? ಬರದಿದ್ದರೆ ಸ್ಟ್ರೆಚರ್ ತಿರುಗಿಸುವಷ್ಟು ಜಾಗವಾದರೂ ಇದೆಯೇ? ಜಿಮ್ಸ್, ಇಎಸ್‌ಐ, ಬಸವೇಶ್ವರ ಆಸ್ಪತ್ರೆಗಳೆಲ್ಲ ಸೇಡಂ ರಸ್ತೆಯ ಕಡೆಗೆ. ಆಸ್ಪತ್ರೆಯ ಓಡಾಟ ಹೆಚ್ಚಿರುವ ಮನೆಗೆ ಅದೇ ದಿಕ್ಕಿನ ನಡುವಿನ ಪಟ್ಟಿ ಬಜಾರಿಗಿಂತ ಮೇಲು. ರೈಲಿಗೆ ಹೆಚ್ಚು ಓಡಾಡುವವರಿಗೆ ಮಾತ್ರ ಸ್ಟೇಷನ್ ಕಡೆಯ ಓಣಿ ವರ. ಬೆಂಗಳೂರಿಗೆ ಬೆಳಗಿನ ಜಾವ ಹೊರಡುವ ವಂದೇ ಭಾರತಕ್ಕೂ, ಸರಿರಾತ್ರಿ ಬರುವ ಮುಂಬೈ ಕಡೆಯ ಗಾಡಿಗಳಿಗೂ ಆಟೋದವನ ಕೈಕಾಲು ಹಿಡಿಯಬೇಕಿಲ್ಲ.

ಬಾಡಿಗೆ ಕಡಿಮೆ ಎಂಬುದರ ಹಿಂದೆ

ಹೊರಗೆ ಬಾಡಿಗೆ ಕಡಿಮೆ, ಮನೆ ದೊಡ್ಡದು ಎನ್ನುತ್ತಾರೆ, ಬಹುಪಾಲು ನಿಜ. ಆದರೆ ಕಾಗದದ ಮೇಲೆ ಕೂಡಿಸಿ ನೋಡಿ. ಕಚೇರಿ ಎಂಟು ಕಿಲೋಮೀಟರ್ ದೂರ ಎಂದುಕೊಳ್ಳಿ. ಹೋಗಿ ಬರಲು 16, ತಿಂಗಳಿಗೆ 25 ದಿನ ಹಿಡಿದರೆ 400 ಕಿಲೋಮೀಟರ್. ಲೀಟರಿಗೆ 45 ಕೊಡುವ ಬೈಕಿಗೂ ಸುಮಾರು ಒಂಬತ್ತು ಲೀಟರ್ ಪೆಟ್ರೋಲ್. ಹೆಂಡತಿಗೂ ಒಂದು ಸ್ಕೂಟಿ ಬೇಕಾದರೆ ಎರಡರಷ್ಟು, ಜೊತೆಗೆ ಸ್ಕೂಟಿಯ ಕಂತು. ಮಗುವಿನ ಶಾಲೆಯ ವ್ಯಾನು. ಬೇಸಿಗೆಯಲ್ಲಿ ಒಂದೆರಡು ಟ್ಯಾಂಕರ್. ಇಷ್ಟು ಸೇರಿಸಿದ ಮೇಲೂ ಹೊರಗೆ ಅಗ್ಗವಾದರೆ ಹೋಗಿ. ಇಬ್ಬರಿಗೂ ಕೆಲಸ ಅದೇ ದಿಕ್ಕಿನಲ್ಲಿದ್ದರೆ, ಅಂದರೆ ಒಬ್ಬರು ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ, ಇನ್ನೊಬ್ಬರು ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ಎಂದಾದರೆ, ಈ ಲೆಕ್ಕವೇ ಉಲ್ಟಾ ಆಗುತ್ತದೆ. ಆಗ ಸೇಡಂ ರಸ್ತೆಯೇ ನಿಮ್ಮ ಬಜಾರು. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಹೋಗುವವರು ಆಳಂದ ರಸ್ತೆಯ ಬದಿಗೆ ಹುಡುಕಲಿ. ಊರಿನ ಆ ತುದಿಯಿಂದ ಈ ತುದಿಗೆ ದಿನಾ ಬಜಾರ್ ಸೀಳಿಕೊಂಡು ಹೋಗುವುದು ಬೇಡ.

ಕರೆಂಟಿನ ಲೆಕ್ಕವನ್ನೂ ಇದಕ್ಕೆ ಹಚ್ಚಿ. ಕೂಲರ್ 200 ವ್ಯಾಟ್ ಎಳೆದರೆ, ದಿನಕ್ಕೆ 15 ಗಂಟೆಯಂತೆ ತಿಂಗಳಿಗೆ 90 ಯೂನಿಟ್. ಅಷ್ಟರಲ್ಲಿ ಇದ್ದರೆ ಗೃಹಜ್ಯೋತಿಯ 200 ಯೂನಿಟ್‌ನ ಗರಿಷ್ಠ ಮಿತಿಯೊಳಗೆ ಬದುಕಬಹುದು. ಕಾದ ಮೇಲಿನ ಮಹಡಿಗೆ ಏಸಿ ಹಾಕಿಸಿದಿರೋ, 200 ಯೂನಿಟ್ ದಾಟುವುದು ಸುಲಭ. ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಮೇಲಿನ ಮಹಡಿಯ ಬಾಡಿಗೆ ಐದುನೂರು ಕಡಿಮೆ ಇರುವುದಕ್ಕೆ ಕಾರಣ ಇದು.

ಓದುವ ಹುಡುಗರ ವಿಷಯ ಚಿಕ್ಕದು. ಸ್ಪರ್ಧಾತ್ಮಕ ಪರೀಕ್ಷೆಗೆಂದು ಬರುವವರು ಖೋಲಿ ಹಿಡಿಯುವುದು ಕೋಚಿಂಗ್ ಮತ್ತು ಗ್ರಂಥಾಲಯಕ್ಕೆ ನಡೆದು ಹೋಗುವಷ್ಟು ಹತ್ತಿರವೇ ಇರಲಿ. ರಾತ್ರಿ ಹತ್ತಕ್ಕೂ ಊಟ ಸಿಗುವ ಖಾನಾವಳಿ ಇರಬೇಕು. ಮಿಕ್ಕಿದ್ದು ಹೊಂದಿಕೆಯಾಗುತ್ತದೆ.

ಹೊರಗೆ ಹೋಗುವವರು ನೆಲ ನೋಡಲಿ

ನಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅಡಿಪಾಯ ಗಟ್ಟಿನೆಲದವರೆಗೆ ಇಳಿಸದೆ ಕಟ್ಟಿದ ಮನೆ ಹೊಸದಾಗಿದ್ದರೂ ಕಿಟಕಿಯ ಮೂಲೆಗಳಿಂದ ಓರೆಯಾಗಿ ಸೀಳು ಹೊರಡುತ್ತದೆ. ಮಳೆಗಾಲದಲ್ಲಿ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ, ಬೇಸಿಗೆಯಲ್ಲಿ ಅದೇ ಬಾಗಿಲಿಗೆ ಬೆರಳು ತೂರುವಷ್ಟು ಸಂದು. ಹೊಸ ಬಣ್ಣ ಬಳಿದ ಮನೆಯಲ್ಲಿ ಕಪಾಟಿನೊಳಗಿನ ಗೋಡೆ ನೋಡಿ, ಅಲ್ಲಿ ಬಣ್ಣ ಬಳಿಯಲು ಮೇಸ್ತ್ರಿಗೆ ಬೇಸರ ಬಂದಿರುತ್ತದೆ. ಡಾಂಬರು ಇಲ್ಲದ ಒಳರಸ್ತೆ ಸೆಪ್ಟೆಂಬರ್ ಮಳೆಗೆ ಏನಾಗುತ್ತದೆಂದು ಎರೆಮಣ್ಣಿನಲ್ಲಿ ನಡೆದವರಿಗೆ ಹೇಳಬೇಕಿಲ್ಲ. ಚಪ್ಪಲಿ ಅಲ್ಲೇ, ಕಾಲು ಮಾತ್ರ ಮುಂದೆ.

ಕೊಳ್ಳುವವರಿಗೆ ಕಾಗದಪತ್ರ ಬೇರೆ. ಲೇಔಟು ಪಾಲಿಕೆಯ ಒಳಗಿದೆಯೇ, ಗ್ರಾಮ ಪಂಚಾಯ್ತಿಯದೇ ಎಂಬುದೇ ಮೊದಲ ಪ್ರಶ್ನೆ. ಪಂಚಾಯ್ತಿಯದಾದರೆ ಇ-ಸ್ವತ್ತು ನಮೂನೆ, ಪಾಲಿಕೆಯದಾದರೆ ಇ-ಖಾತಾ, ಎರಡಕ್ಕೂ ಎನ್‌ಎ (ಕೃಷಿಯೇತರ ಬಳಕೆಯ) ಆದೇಶ ಮತ್ತು ಅನುಮೋದಿತ ನಕ್ಷೆ. "ಎಲ್ಲಾ ಕ್ಲಿಯರ್ ಅದಾವ್ರೀ ಸಾಹೇಬ್ರ" ಎಂಬ ಮಾತು ಕಾಗದವಲ್ಲ. ವಕೀಲರಿಗೆ ತೋರಿಸಿ.

ಬಜಾರಿನ ಹಳೆಯ ಮನೆಗಳಿಗೆ ಬೇರೆ ಕಂಟಕ: ಅಣ್ಣತಮ್ಮಂದಿರ ಪಾಲಾಗಿರುವುದಿಲ್ಲ. ಒಬ್ಬರು ಬಾಡಿಗೆಗೆ ಕೊಟ್ಟಿರುತ್ತಾರೆ, ಹೈದರಾಬಾದಿನಲ್ಲಿರುವ ಇನ್ನೊಬ್ಬರು ಹಬ್ಬಕ್ಕೆ ಬಂದು "ನನ್ನ ಖೋಲಿ ಖಾಲಿ ಮಾಡ್ರಿ" ಎನ್ನುತ್ತಾರೆ. ಕರಾರು ಯಾರ ಹೆಸರಿಗೆ, ಬಾಡಿಗೆ ಯಾರ ಖಾತೆಗೆ, ಮನೆ ತೆರಿಗೆ ರಸೀದಿಯಲ್ಲಿ ಯಾರಿದ್ದಾರೆ, ಮೂರನ್ನೂ ತಾಳೆ ನೋಡಿ.

ಹಾಗಾದರೆ ಯಾರಿಗೆ ಯಾವುದು? ವಯಸ್ಸಾದವರು, ಓದುವ ಮಕ್ಕಳು ಇದ್ದು, ಮನೆಯಲ್ಲಿ ಒಂದೇ ಗಾಡಿ ಇದ್ದರೆ ನಾನು ಕಣ್ಣು ಮುಚ್ಚಿ ಬಜಾರ್ ಎನ್ನುತ್ತೇನೆ, ನೀರಿನ ಉತ್ತರ ಸರಿಬಂದರೆ. ಕಾರು ಇದ್ದು, ಬಾಡಿಗೆ ಸ್ವಲ್ಪ ಹೆಚ್ಚು ಕೊಡುವ ಶಕ್ತಿ ಇದ್ದರೆ ನಡುವಿನ ಪಟ್ಟಿ. ಅಲ್ಲಿ ಮನೆ ಖಾಲಿಯಾಗುವುದೇ ಅಪರೂಪ, ಬೋರ್ಡೂ ಹಾಕುವುದಿಲ್ಲ. ಕಿರಾಣಿ ಅಂಗಡಿಯವನಿಗೆ, ಇಸ್ತ್ರಿಯವನಿಗೆ ಹೇಳಿಟ್ಟರೆ ಸುದ್ದಿ ಬರುತ್ತದೆ. ಪರೀಕ್ಷೆ ಮುಗಿದು ವರ್ಗಾವಣೆ ಶುರುವಾಗುವ ಮೇ ತಿಂಗಳು ಹುಡುಕಲು ತಕ್ಕ ಕಾಲ, ಬಿಸಿಲಿನ ಪರೀಕ್ಷೆಯೂ ಆಗಿಯೇ ಹೋಗುತ್ತದೆ. ಇಬ್ಬರು ದುಡಿಯುವವರು, ಎರಡು ಗಾಡಿ, ಕೆಲಸ ಒಂದೇ ದಿಕ್ಕಿಗೆ, ಹಗಲು ಮನೆಗೆ ಬೀಗ ಎಂದಾದರೆ ರಿಂಗ್ ರಸ್ತೆಯ ಆಚೆಗೆ ಹೆದರದೆ ಹೋಗಿ.

ಯಾವ ಪಟ್ಟಿಯಾದರೂ ಕರಾರು 11 ತಿಂಗಳದ್ದು ಮಾಡಿಕೊಡುತ್ತಾರೆ. ಡಿಪಾಜಿಟ್ ಎಷ್ಟು, ಬಿಡುವಾಗ ಬಣ್ಣಕ್ಕೆಂದು ಎಷ್ಟು ಮುರಿದುಕೊಳ್ಳುತ್ತಾರೆ, ಎರಡನ್ನೂ ಅದರಲ್ಲೇ ಬರೆಸಿ. ಮೀಟರಿನ ಆರ್‌ಆರ್ ನಂಬರ್ ಬರೆದುಕೊಂಡು, ಹಿಂದಿದ್ದ ಬಾಡಿಗೆದಾರರ ಆಧಾರ್ ಗೃಹಜ್ಯೋತಿಯಿಂದ ಡಿ-ಲಿಂಕ್ ಆಗಿದೆಯೇ ಎಂದು ಕೀಲಿ ಇಸಿದುಕೊಳ್ಳುವ ಮೊದಲೇ ಕೇಳಿ. ಅವರು ಬೀದರ್‌ಗೋ ರಾಯಚೂರಿಗೋ ಹೋಗಿಬಿಟ್ಟ ಮೇಲೆ ಫೋನ್ ಹಚ್ಚಿ ಹಚ್ಚಿ ಸಾಕಾಗುತ್ತದೆ.